ಅಮ್ಮ ಹಾಸಿಗೆ ಹಿಡಿದಿದ್ದಾರೆ, ನೀವೆಲ್ಲ ಏನು ಓದಿ ತಡೆದುಕೊಂಡಿರಿ?

ಕಾರವಾರದವಳು: ಅಮ್ಮನಿಗೆ ಲಕ್ವ ಹೊಡೆದು ಎಂಟು ತಿಂಗಳು. ಅಣ್ಣ ಕುವೈತ್‌ನಲ್ಲಿ. ರಾತ್ರಿ ಎದ್ದು ಮಗ್ಗುಲು ಬದಲಿಸಿದ ಮೇಲೆ ನಿದ್ದೆ ಬರುವುದಿಲ್ಲ. ಬೈಬಲಿನ ಯೋಬನ ಪುಸ್ತಕ ಹಿಡಿದೆ, ತಪ್ಪಿಲ್ಲದೆ ಎಲ್ಲ ಕಳೆದುಕೊಂಡು ನರಳಿದವನ ಕಥೆ. ಐದನೇ ಅಧ್ಯಾಯಕ್ಕೆ ಬಿಟ್ಟೆ. ಬೇರೆ ಏನು ಓದಲಿ?

ಸದಾಶಿವಗಡದವನು: ಬಿಟ್ಟಿದ್ದೇ ತಪ್ಪು ಅಕ್ಕ. ನಾನು ಅಪ್ಪನನ್ನು ಮೂರು ವರ್ಷ ನೋಡಿಕೊಂಡೆ. ಮಂಗಳೂರಿಗೆ ಆಂಬುಲೆನ್ಸ್ ಒಂದು ಸಲಕ್ಕೆ 14,000. ಮೂರು ಸಲ ಹೋದೆವು. ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಇದ್ದಿದ್ದರೆ ಅದು ಉಳಿಯುತ್ತಿತ್ತು, ಆ ಮಾತು ಬಿಡಿ. ಹೋಮ್ ನರ್ಸ್‌ಗೆ ತಿಂಗಳಿಗೆ 18,000, ನಲವತ್ತನೇ ದಿನ ಹೇಳದೆ ಕೇಳದೆ ಹೋದಳು. ದೋಣಿಯಲ್ಲಿದ್ದ ನನ್ನ ಪಾಲು ಮಾರಿದೆ. ಯೋಬನದೇ ತಪ್ಪು ಅಂತ ಆಮೇಲೆ ದೂರಿದ ಆ ಗೆಳೆಯರು ಮೊದಲ ಏಳು ದಿನ ಮಾತಾಡದೆ ನೆಲದ ಮೇಲೆ ಕೂತಿದ್ದರಲ್ಲ, ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ನಮ್ಮ ನೆಂಟರು ಏಳು ನಿಮಿಷ ಸುಮ್ನೆ ಕೂರಲಿಲ್ಲ. 42ನೇ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬರುವುದು ಆ ಗೆಳೆಯರ ಮೇಲೆ. ಅಲ್ಲಿಗೆ ಬಂದಾಗ ಅತ್ತುಬಿಟ್ಟೆ.

ಶಿರಸಿ ಟೀಚರ್: ನಾನು ಅಮ್ಮನನ್ನು ಆಶ್ರಮಕ್ಕೆ ಸೇರಿಸಿದೆ. ಡಿಪಾಸಿಟ್ 50,000, ತಿಂಗಳಿಗೆ 12,000, ಡೈಪರ್ ಬೇರೆ. ಆಗ ಓದುತ್ತಿದ್ದದ್ದು ಜಾನ್ ಬನ್ಯನ್ ಅನ್ನುವ ಹಳೇ ಇಂಗ್ಲಿಷ್ ಧರ್ಮಬೋಧಕನ 'ಯಾತ್ರಿಕನ ಸಂಚಾರ', ಅಜ್ಜನ ಪೆಟ್ಟಿಗೆಯ ಗೆದ್ದಲು ತಿಂದ ಪ್ರತಿ. ಶುರುವಿನಲ್ಲೇ ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಥೆಯ ಯಾತ್ರಿಕ ಮುಕ್ತಿ ಹುಡುಕಿ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಆಶ್ರಮದ ಗೇಟಿನವರೆಗೂ ಅಮ್ಮನ ದನಿ ಕೇಳುತ್ತಿತ್ತು. ಪುಸ್ತಕ ವಾಪಸ್ ಪೆಟ್ಟಿಗೆಗೆ ಹಾಕಿದೆ.

ಸದಾಶಿವಗಡದವನು: ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರ, 5:8 ಓದಿ ಟೀಚರೇ. ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ.

ಶಿರಸಿ ಟೀಚರ್: ಓದಿದ್ದೇನೆ. ನಿಮ್ಮ ಅಪ್ಪನ ಬಟ್ಟೆ ಒಗೆದದ್ದು ನೀವಾ, ನಿಮ್ಮ ಹೆಂಡತಿಯಾ?

ಸದಾಶಿವಗಡದವನು: ಮನೆಯ ಹೆಂಗಸರ ವಿಷಯ ಇಲ್ಲಿಗೆ ತರಬೇಡಿ.

ಹೊನ್ನಾವರದವಳು: ಯಾಕೆ ತರಬಾರದು? ಹನ್ನೊಂದು ವರ್ಷ ಅತ್ತೆಯ ಬೆನ್ನಿನ ಹುಣ್ಣು ತೊಳೆದವಳು ನಾನು. ಪಟ್ಟಿ, ಮುಲಾಮು, ಕೈಗವಸು ಅಂತ ವಾರಕ್ಕೆ 900. ಬಳೆ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ. ಮೈದುನ ಇಗರ್ಜಿಯ (ಚರ್ಚಿನ) ಹಬ್ಬಕ್ಕೆ ಒಂದು ಲಕ್ಷ ಕೊಟ್ಟ, ಮಾತ್ರೆಗೆ ಒಂದು ರೂಪಾಯಿ ಇಲ್ಲ. ಬೈಬಲಿನ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದ 'ಕೊರ್ಬಾನ್' ಅಂದರೆ ಇದೇ ಅಲ್ವಾ? ದೇವರಿಗೆ ಕೊಟ್ಟೆ ಅಂತ ಅಪ್ಪ ಅಮ್ಮನಿಗೆ ಏನೂ ಕೊಡದೆ ಇರುವುದು. ಟೀಚರೇ, ಬನ್ಯನ್ ಎರಡನೇ ಭಾಗವನ್ನೂ ಬರೆದ, 1684ರಲ್ಲಿ. ಅದರಲ್ಲಿ ಆ ಯಾತ್ರಿಕನ ಹೆಂಡತಿ ನಾಲ್ಕು ಮಕ್ಕಳನ್ನು ಕರೆದುಕೊಂಡು ಅದೇ ದಾರಿ ನಡೆಯುತ್ತಾಳೆ. ಅದನ್ನು ಯಾರೂ ಓದುವುದಿಲ್ಲ.

ಸದಾಶಿವಗಡದವನು: ಬನ್ಯನ್ ಹನ್ನೆರಡು ವರ್ಷ ಜೈಲಿನಲ್ಲಿದ್ದ. ಮನೆಯಲ್ಲಿ ಕುರುಡಿ ಮಗಳು. ಜೈಲಲ್ಲೇ ಲಾಡಿ ಮಾಡಿ ಮಾರಿ ಮನೆ ಸಾಕಿದ. ಓಡಿ ಹೋಗಲಿಲ್ಲ.

ಶಿರಸಿ ಟೀಚರ್: ಜೈಲಿಗೆ ಹಾಕಿದ್ದು ಧರ್ಮಬೋಧನೆ ಮಾಡಿದ್ದಕ್ಕೆ. ಅದನ್ನು ಬಿಡುತ್ತೇನೆ ಅಂದಿದ್ದರೆ ಮನೆಗೇ ಕಳಿಸುತ್ತಿದ್ದರು. ಅವನೂ ಆರಿಸಿಕೊಂಡದ್ದೇ.

ಬಿಣಗಾದವನು: ಜಗಳ ಆಮೇಲೆ ಮಾಡಿ. ಕಾರವಾರದ ಅಕ್ಕ, ಬೆನ್ನು ಹುಣ್ಣಾಗದ ಹಾಗೆ ಪಂಪಿನಿಂದ ತುಂಬುವ ಗಾಳಿ ಹಾಸಿಗೆ ಇದೆಯಾ ನಿಮ್ಮಲ್ಲಿ? ನಮ್ಮದು ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ಪಂಪ್ ರಾತ್ರಿ ಸ್ವಲ್ಪ ಸದ್ದು ಮಾಡುತ್ತದೆ.

ಸದಾಶಿವಗಡದವನು: ಆ ಪಂಪ್ ಆರು ತಿಂಗಳೂ ಬರುವುದಿಲ್ಲ. ನಮ್ಮದಕ್ಕೆ 6,500 ಕೊಟ್ಟಿದ್ದೆ.