ಪಾತ್ರದ ಸಿಟ್ಟು ಸ್ವಭಾವ ಅನ್ನಿಸಬೇಕಾದರೆ ಏನು ಬೇಕು?

ಪ್ರಶ್ನೆ: ಕಾದಂಬರಿಯ ನಡುವೆ ನಾಯಕ ಒಂದು ಮಾತಿಗೆ ದಿಢೀರನೆ ಕೆರಳುತ್ತಾನೆ. ಓದಿದವರು "ಕಥೆಗೆ ಬೇಕು ಅಂತ ತುರುಕಿದ ಹಾಗಿದೆ" ಅಂತಾರೆ. ಇದನ್ನು ಎಷ್ಟು ಸಲ ತೋರಿಸಬೇಕು?

ಉತ್ತರ 1: ಎಣಿಕೆಗಿಂತ ಕಾರಣ ಒಂದೇ ಆಗಿರುವುದು ಮುಖ್ಯ. ಮಹಾಭಾರತದ ಭೀಮನನ್ನು ನೋಡಿ. ದ್ಯೂತಸಭೆ, ಜಯದ್ರಥ, ಕೀಚಕ: ಮೂರೂ ಕಡೆ ಕಿಡಿ ಹತ್ತುವುದು ದ್ರೌಪದಿಯ ಅವಮಾನದಿಂದಲೇ. ಆದರೆ ಫಲ ಬೇರೆ ಬೇರೆ. ಸಭೆಯಲ್ಲಿ ಧರ್ಮರಾಯನ ಕೈ ಸುಡುತ್ತೇನೆ, ಬೆಂಕಿ ತಾ ಎಂದು ಸಹದೇವನಿಗೆ ಹೇಳುತ್ತಾನೆ, ಅರ್ಜುನ ತಡೆಯುತ್ತಾನೆ. ದ್ರೌಪದಿಯನ್ನು ಹೊತ್ತೊಯ್ದ ಜಯದ್ರಥನ ತಲೆ ಬೋಳಿಸಿ ಐದು ಜುಟ್ಟು ಬಿಡುತ್ತಾನೆ, ಕೊಲ್ಲುವುದಿಲ್ಲ. ವಿರಾಟನ ಸಭೆಯಲ್ಲಿ ಕೀಚಕ ಅವಳನ್ನು ಒದ್ದಾಗ ಅಡುಗೆಯವನ ವೇಷದ ಭೀಮನ ಕಣ್ಣು ಮರದ ಮೇಲೆ ಬೀಳುತ್ತದೆ. ಸೌದೆ ಬೇಕಿದ್ದರೆ ಹೊರಗೆ ಹೋಗು ಎಂದು ಕಂಕನ ವೇಷದ ಧರ್ಮರಾಯ ಅವನನ್ನು ಸಾಗಹಾಕುತ್ತಾನೆ. ಆ ಸಿಟ್ಟು ಮರುದಿನ ರಾತ್ರಿ ನಾಟ್ಯಶಾಲೆಯಲ್ಲಿ ಹೊರಬಂದು ಕೀಚಕನನ್ನು ಕೊಲ್ಲುತ್ತದೆ. ನನಗಂತೂ ಅದುಮಿಟ್ಟ ಆ ಗಳಿಗೆಯೇ ಮೂರರಲ್ಲೂ ಬಲವಾದದ್ದು.

ಉತ್ತರ 2: ಒಪ್ಪುತ್ತೇನೆ. ನಿಮ್ಮ ಕರಡಿನಲ್ಲಿ ದೊಡ್ಡ ಸ್ಫೋಟಕ್ಕೆ ಮೊದಲು ಎರಡು ದೃಶ್ಯ ಸಾಕು. ಮೊದಲನೆಯದರಲ್ಲಿ ಮಾತು ನಿಲ್ಲಲಿ, ಲೋಟ ಕೆಳಗಿಡಲಿ, ಅಷ್ಟೇ; ಯಾಕೆಂದು ವಿವರಿಸಬೇಡಿ. ಎರಡನೆಯದರಲ್ಲಿ ಆ ಸಿಟ್ಟಿನಿಂದ ಅವನಿಗೇ ಏನಾದರೂ ನಷ್ಟವಾಗಲಿ. ಸಾಮಾನ್ಯವಾಗಿ ಕೆಡುವುದು ಇಲ್ಲಿ: ಅದೇ ಮಾತನ್ನು ಐದನೇ ಅಧ್ಯಾಯದಲ್ಲಿ ಯಾರೋ ಆಡಿರುತ್ತಾರೆ, ನಾಯಕ ನಕ್ಕು ಸುಮ್ಮನಾಗಿರುತ್ತಾನೆ. ಕರಡಿನಲ್ಲಿ ಆ ಪದ ಹುಡುಕಿ, ಪ್ರತಿ ಜಾಗವನ್ನೂ ನೋಡಿ.

ಉತ್ತರ 3: ನಕ್ಕಿದ್ದನ್ನು ಅಳಿಸಲೇಬೇಕೆಂದಿಲ್ಲ. ಆಡಿದವರು ಅವ್ವನೋ ಗೆಳೆಯನೋ ಆಗಿದ್ದರೆ ಆ ವಿನಾಯಿತಿಯೂ ಸ್ವಭಾವದ ಭಾಗವೇ. ಯಾರಿಗೆ ವಿನಾಯಿತಿ ಅನ್ನುವುದು ಮಾತ್ರ ಕೊನೆಯವರೆಗೂ ಬದಲಾಗಬಾರದು.