ಪದಚರ್ಚೆ: ಹಳೇ ಜೀಪಿನ ಎಂಜಿನ್ ‘ರೆಸ್ಟೋರೇಷನ್’ಗೆ ಬೋರ್ಡಿನಲ್ಲಿ ಏನು ಬರೆಸೋದು?

ವಿಲ್ಸನ್ ಗಾರ್ಡನ್‌ನಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ನಾಳೆ ಸಂಜೆಯೊಳಗೆ. ಭಾವನ ಗ್ಯಾರೇಜಿಗೆ ಹೊಸ ಬೋರ್ಡ್ ಬರೆಸುತ್ತಿದ್ದೇವೆ. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲುಭಾಗದಲ್ಲಿ, ನಿಮಗೆಲ್ಲ ಗೊತ್ತೇ ಇದೆ. ಪೇಂಟರ್ ‘ಡೀಸೆಲ್ ಜೀಪ್ ಎಂಜಿನ್ ಅಂಡ್ ಗೇರ್‌ಬಾಕ್ಸ್ ರೆಸ್ಟೋರೇಷನ್’ ಅಂತ ಕನ್ನಡ ಅಕ್ಷರದಲ್ಲಿ ಬರೆದು ತಂದಿದ್ದಾನೆ. ಲೆಕ್ಕಕ್ಕೆ ಅದು ಕನ್ನಡವೇ. ನನಗೆ ಒಪ್ಪಿಗೆ ಇಲ್ಲ.

ಗ್ಯಾರೇಜಿಗೆ ಬರೋದು ಹಳೇ ಮಹೀಂದ್ರ ಜೀಪುಗಳು, ಜಾಸ್ತಿ ಎಂಎಂ 540. ಎಂಜಿನ್ ಹೊರಗೆ ತೆಗೆದು, ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ, ಕಂಪನಿಯಿಂದ ಬಂದಾಗ ಹೇಗಿತ್ತೋ ಆ ಅಳತೆಗೆ ತರುತ್ತಾರೆ. ಗೇರ್‌ಬಾಕ್ಸಿಗೂ ಅಷ್ಟೇ. ‘ರಿಪೇರಿ’ ಅಂತ ಹಾಕಿದರೆ ಸ್ಕೂಟರ್ ತಳ್ಳಿಕೊಂಡು ಪಂಕ್ಚರ್ ಹಾಕಿಸೋಕೆ ಬಂದು ನಿಲ್ಲುತ್ತಾರೆ. ರಿಪೇರಿಗಿಂತ ದೊಡ್ಡದು, ಹೊಸದು ಮಾಡೋದಕ್ಕಿಂತ ಬೇರೆ. ಇದಕ್ಕೆ ಒಂದು ಪದ ಕೊಡಿ.

ಬಸವನಗುಡಿಯಿಂದ

ಜೀರ್ಣೋದ್ಧಾರ. ಹುಡುಕುವ ಅಗತ್ಯವೇ ಇಲ್ಲ. ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದು ಬರೆಯುತ್ತಾರೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಕ್ರ್ಯಾಕ್ ಬಂದ ಸಿಲಿಂಡರ್ ಹೆಡ್ಡಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೇನು ಬೇಕು?

ಶಿವಾಜಿನಗರದಿಂದ

ಜೀಪಿಗೆ ಕುಂಭಾಭಿಷೇಕವನ್ನೂ ಮಾಡಿಸ್ತೀರಾ ಮೇಷ್ಟ್ರೇ?

ವಿಜಯನಗರದಿಂದ

ಸಕ್ಕದ (ಸಂಸ್ಕೃತ) ಬೇಡ. ಎಂಜಿನ್ನಿಗೆ ‘ಬಿಣಿಗೆ’, ಗೇರ್‌ಬಾಕ್ಸಿಗೆ ‘ಸಾಗಣಿ’. ಮಿಂಬಲೆಯಲ್ಲಿ (ಇಂಟರ್ನೆಟ್ಟಿನಲ್ಲಿ) ಕಾರು, ಬೈಕುಗಳ ಬಗ್ಗೆ ಬರೆಯುವವರು ಇವನ್ನು ಬಳಸುತ್ತಲೇ ಇದ್ದಾರೆ. ಹಲಗೆಗೆ ಹೀಗೆ ಬರೆಸಿ: ‘ಬಿಣಿಗೆ ಮತ್ತು ಸಾಗಣಿಗಳ ಮರುಕಟ್ಟಣೆ’. ಕನ್ನಡದ್ದೇ ಬೇರು ಇರುವಾಗ ಸಾಲ ಯಾಕೆ?

ವಿಲ್ಸನ್ ಗಾರ್ಡನ್‌ನಿಂದ

ಭಾವನಿಗೆ ಓದಿ ಹೇಳಿದೆ. ‘ಮರುಕಟ್ಟಣೆ ಅಂದ್ರೆ ಹಳೇ ಮನೆ ಕೆಡವಿ ಕಟ್ಟಿಸಿಕೊಡ್ತಾರೆ ಅನ್ಕೋತಾರೆ’ ಅಂದರು. ಬಿಣಿಗೆ ಕೇಳಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಪದ ಚೆನ್ನಾಗಿರಬಹುದು. ಆದರೆ ಜೀಪಿನವನು ರಸ್ತೆಯ ಆ ಬದಿಯಿಂದ ಓದಿದ ಕೂಡಲೇ ಬ್ರೇಕ್ ಹಾಕಬೇಕು.

ಶಿವಾಜಿನಗರದಿಂದ

‘ದುರಸ್ತಿ’ ಯಾಕಾಗಬಾರದು? ಫಾರ್ಸಿಯ ದುರುಸ್ತ್, ಅಂದರೆ ಸರಿಯಾಗಿರುವುದು, ನೆಟ್ಟಗಿರುವುದು. ಕೆಟ್ಟದ್ದನ್ನು ಸರಿಯಾದ ಸ್ಥಿತಿಗೆ ತರೋದೇ ದುರಸ್ತಿ. ಇವರು ಕೇಳುತ್ತಿರೋದೂ ಅದನ್ನೇ ಅಲ್ವಾ? ರಸ್ತೆ ದುರಸ್ತಿ, ಚರಂಡಿ ದುರಸ್ತಿ ಅಂತ ಬರೆದು ಬರೆದು ಅದರ ಬೆಲೆ ಇಳಿಸಿದ್ದಾರೆ. ಪದದ ತಪ್ಪಲ್ಲ, ರಸ್ತೆಯ ತಪ್ಪು.

ಬಸವನಗುಡಿಯಿಂದ

ಬೆಲೆ ಇಳಿದ ಪದವನ್ನು ಬೋರ್ಡಿಗೆ ಏರಿಸಬಾರದು. ‘ಕಾಯಕಲ್ಪ’ ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ: ಬೇಡ. ಪತ್ರಿಕೆಯವರು ಊರಿನ ಎಲ್ಲಾ ಕೆರೆಗಳಿಗೂ ಅದನ್ನು ಮಾಡಿಸಿ ಆಗಿದೆ.

ಆಡುಗೋಡಿಯಿಂದ

ನಾನು ಡೀಸೆಲ್ ಎಂಜಿನ್ನಿನ ಪಂಪ್ ಕೆಲಸದಲ್ಲೇ ತಲೆ ನರೆಸಿಕೊಂಡವನು. ಇಲ್ಲಿ ಬಂದ ಒಂದು ಪದವನ್ನೂ ವರ್ಕ್‌ಶಾಪಿನಲ್ಲಿ ಕೇಳಿಲ್ಲ. ಕೆಲಸ ಮಾಡುವವರು ಏನನ್ನುತ್ತಾರೆ ಅಂತ ಮೊದಲು ನೋಡೋಣ.

ಅವರು ಹೇಳೋದು ‘ಎಂಜಿನ್ ಕೆಲಸ’. ‘ಗಾಡಿಗೆ ಎಂಜಿನ್ ಕೆಲಸ ಬಂದಿದೆ’ ಅಂದರೆ ಸಣ್ಣಪುಟ್ಟದ್ದಲ್ಲ, ಬಿಚ್ಚಲೇಬೇಕು ಅಂತ. ಅದರಲ್ಲೂ ಎರಡು ಬಗೆ. ಕ್ರಾಂಕ್, ಅಂದರೆ ಪಿಸ್ಟನ್‌ಗಳ ಕೆಳಗೆ ತಿರುಗುವ ದಂಡ, ಅದನ್ನು ಮುಟ್ಟದೆ ಮೇಲಿನ ಭಾಗ ಮಾತ್ರ ಮಾಡಿದರೆ ‘ಹಾಫ್ ಎಂಜಿನ್’. ಕ್ರಾಂಕ್ ಸಮೇತ ಆದರೆ ‘ಫುಲ್ ಎಂಜಿನ್’. ಇದಕ್ಕೆ ಬಳಸುವ ಕ್ರಿಯಾಪದ ಅಪ್ಪಟ ಕನ್ನಡ: ‘ಇಳಿಸು’. ‘ಎಂಜಿನ್ ಇಳಿಸಬೇಕು’, ‘ಗೇರ್‌ಬಾಕ್ಸ್ ಇಳಿಸಿ ನೋಡಬೇಕು’. ಎಂಜಿನ್ನನ್ನು ಚೈನ್ ಬ್ಲಾಕ್ ಹಾಕಿ ಮೇಲಕ್ಕೆ ಎತ್ತುತ್ತಾರೆ, ಮಾತಿನಲ್ಲಿ ಮಾತ್ರ ಇಳಿಸುತ್ತಾರೆ. ಕುದುರೆಯಿಂದ ಸವಾರನನ್ನು ಇಳಿಸಿದ ಹಾಗೆ.

ಎಂಎಂ 540ರಲ್ಲಿರೋದು ಪ್ಯೂಜೋ ಕಂಪನಿಯ ಎಕ್ಸ್‌ಡಿಪಿ 4.90 ಎಂಜಿನ್. ಹೆಸರಿನಲ್ಲೇ ಅಳತೆ ಇದೆ: 4 ಸಿಲಿಂಡರ್, ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 90 ಮಿ.ಮೀ. ಒಟ್ಟು 2112 ಸಿಸಿ. ಬೋರ್ ಎಲ್ಲಾ ಕಡೆ ಒಂದೇ ಸಮ ಸವೆಯೋದಿಲ್ಲ. ಪಿಸ್ಟನ್ ರಿಂಗ್ ತಿರುಗಿ ಕೆಳಗೆ ಹೊರಡುವ ಮೇಲುತುದಿಯಲ್ಲಿ ಜಾಸ್ತಿ. ಬೆರಳಿಟ್ಟು ಸವರಿದರೆ ಅಲ್ಲೊಂದು ಏಣು ಸಿಗುತ್ತದೆ. ಆಮೇಲೆ ಗೇಜ್ ಇಳಿಬಿಟ್ಟು ಅಡ್ಡಡ್ಡ, ಉದ್ದುದ್ದ ಎರಡೂ ಅಳೀತಾರೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಬೋರ್ ಮಾಡಿಸಬೇಕು, ಇಲ್ಲವೇ ಸ್ಲೀವ್ ಹಾಕಿಸಬೇಕು. ಕ್ರಾಂಕ್ ಗೀರು ಬಿದ್ದಿದ್ದರೆ ಹತ್ತು ತೌ, ಅಂದರೆ ಸುಮಾರು ಕಾಲು ಮಿ.ಮೀ. ಗ್ರೈಂಡ್ ಮಾಡಿ, ಅದೇ ಸೈಜಿನ ಬೇರಿಂಗ್ ಕೂರಿಸಬೇಕು. ಇಷ್ಟೂ ಆದ ಮೇಲೆ ಇಂಜೆಕ್ಟರ್ ಮತ್ತು ಪಂಪ್ ಪರೀಕ್ಷೆಯ ಬೆಂಚಿಗೆ ಹೋಗುತ್ತವೆ. ‘ಮೈಕೋ ಪಂಪ್’ ಅನ್ನುತ್ತೇವೆ. 1951ರಲ್ಲಿ ಶುರುವಾದ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾಯಿತು. ಮೆಕ್ಯಾನಿಕ್ ಬಾಯಲ್ಲಿ ಪಂಪ್ ಇವತ್ತಿಗೂ ಮೈಕೋ, ಬಡಾವಣೆಯೂ ಮೈಕೋ ಲೇಔಟ್.

ಗೇರ್‌ಬಾಕ್ಸಿನ ಮಾತು ಇನ್ನೂ ಚೆನ್ನ. ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಂದರೆ ‘ಗೇರ್ ಹಾರುತ್ತೆ’. ಬೇರಿಂಗ್ ಹೋದರೆ ‘ಕೂಗುತ್ತೆ’. ಆಯಿಲ್ ಬಿಚ್ಚಿದಾಗ ಹಳದಿ ಪುಡಿ ಬಂದರೆ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೋ ರಿಂಗ್ ಸವೆದಿದೆ ಅಂತ. ಆ ರಿಂಗ್ ಇರುವ ಹಳೇ ಡಬ್ಬಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ, ಜಿಎಲ್-5 ಬೇಡ. ಅದರಲ್ಲಿರುವ ಗಂಧಕ ಹಿತ್ತಾಳೆಗೆ ಆಗಿಬರೋದಿಲ್ಲ. ಇದು ಪದಚರ್ಚೆಗೆ ಸೇರಿದ್ದಲ್ಲ, ಆದರೂ ಭಾವನಿಗೆ ಹೇಳಿ. ಇನ್ನೂ ಹಳೇ ಸಿಜೆ 3ಬಿ ಜೀಪಿನ ಕಾಲದ ಮೂರು ಗೇರಿನ ಡಬ್ಬಿಯಲ್ಲಂತೂ ಒಂದನೇ ಗೇರಿಗೆ ಸಿಂಕ್ರೋನೇ ಇಲ್ಲ. ಗಾಡಿ ಓಡುತ್ತಿರುವಾಗ ಒಂದಕ್ಕೆ ಇಳಿಸಬೇಕಾದರೆ ಕ್ಲಚ್ ಎರಡು ಸಲ ತುಳೀಬೇಕು.

ನೋಡಿ: ಹಾರುತ್ತೆ, ಕೂಗುತ್ತೆ, ಇಳಿಸು, ಬಿಚ್ಚು, ಕೂರಿಸು. ಸಾಮಾನಿನ ಹೆಸರೆಲ್ಲ ಇಂಗ್ಲಿಷಿನದು, ಕೆಲಸದ ಮಾತೆಲ್ಲ ಕನ್ನಡದ್ದು. ಬೋರ್ಡಿಗೂ ನಾಮಪದ ಹುಡುಕೋದು ಬಿಟ್ಟು ಕ್ರಿಯಾಪದ ಹಾಕಿ.

ವಿಜಯನಗರದಿಂದ

ಸಾಮಾನಿನ ಹೆಸರು ಇಂಗ್ಲಿಷಿನದೇ ಇರಲಿ ಅಂತ ಬಿಟ್ಟದ್ದಕ್ಕೇ ಈ ಗತಿ. ಮೆಕ್ಯಾನಿಕ್ಕಿಗೆ ಯಾರೂ ಕನ್ನಡದ ಪದ ಕೊಡಲಿಲ್ಲ, ಅವರು ಬಳಸಲಿಲ್ಲ. ಗೇರಿಗೆ ‘ಹಲ್ಲುಗಾಲಿ’ ಅಂದರೆ ಮಕ್ಕಳಿಗೂ ಅರ್ಥವಾಗುತ್ತದೆ.

ಬಸವನಗುಡಿಯಿಂದ

ಗಾಡಿಯ ಮಾತು ನಮ್ಮಲ್ಲಿ ಇರಲೇ ಇಲ್ಲ ಎಂಬಂತೆ ಯಾಕೆ ಆಡುತ್ತೀರಿ? ಎತ್ತಿನ ಗಾಡಿಗೆ ಅಚ್ಚು, ಗುಂಬ, ನೊಗ, ಮೂಕಿ, ಕೀಲೆಣ್ಣೆ ಎಲ್ಲ ಇದ್ದವು. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡೆಗೀಲು ಜೇಡರ ದಾಸಿಮಯ್ಯನ ವಚನದಲ್ಲೇ ಬರುತ್ತದೆ. ಆಕ್ಸಲ್‌ಗೆ ಅಚ್ಚು, ಗ್ರೀಸ್‌ಗೆ ಕೀಲೆಣ್ಣೆ ಎನ್ನಲು ಯಾರಪ್ಪಣೆ ಬೇಕು? ಇದ್ದದ್ದನ್ನು ಬಿಟ್ಟು ಬಿಣಿಗೆ, ಸಾಗಣಿ ಎಂದು ಇಲ್ಲದ್ದನ್ನು ಹೊಲಿಯುತ್ತೀರಿ.

ಇನ್ನೊಂದು. ಬಸ್ಸು, ಕಾರು, ಜೀಪು ಎಂದು ಉಕಾರ ಸೇರಿಸಿ ಒಳಗೆ ಕರೆದುಕೊಂಡೆವು. ಗೇರಿಗೆ ಮಾತ್ರ ಹಾಗೆ ಮಾಡಬೇಡಿ. ‘ಗೇರುಪೆಟ್ಟಿಗೆ’ ಎಂದರೆ ಮಂಗಳೂರಿನವರು ಕಿಲೋಗೆ ಎಷ್ಟು ಎಂದು ಕೇಳುತ್ತಾರೆ.

ವಿಜಯನಗರದಿಂದ

ಜೀರ್ಣೋದ್ಧಾರದವರು ಕೀಲೆಣ್ಣೆಗೆ ಬಂದಿರಲ್ಲ, ಸಂತೋಷ. ಅಚ್ಚು ಆಗುತ್ತದೆ ಅಂದರೆ ಹಲ್ಲುಗಾಲಿ ಯಾಕಾಗೋದಿಲ್ಲ?

ಬಸವನಗುಡಿಯಿಂದ

ಅಚ್ಚು ಜನರ ಬಾಯಲ್ಲಿತ್ತು. ಹಲ್ಲುಗಾಲಿ ನಿಮ್ಮ ಕಂಪ್ಯೂಟರಿನಲ್ಲಿದೆ.

ಶಿವಾಜಿನಗರದಿಂದ

ಜನರ ಬಾಯಲ್ಲಿ ಏನೇನಿದೆ ಕೇಳ್ರೀ. ಮೇಸ್ತ್ರಿ ಪೋರ್ಚುಗೀಸಿನದು, ಚಾವಿಯೂ ಅಲ್ಲಿಯದೇ. ಜೀಪಿನ ಹಳೇ ಸಾಮಾನು ಸಿಗೋ ನಮ್ಮ ಗುಜರಿ ಉರ್ದುವಿನದು. ಎಂಜಿನ್ ಅನ್ನೋದನ್ನು ಇಂಗ್ಲಿಷಿನವರು ಹೊಲದಲ್ಲಿ ಬೆಳೆದರಾ? ಲ್ಯಾಟಿನ್ನಿನ ಇಂಗೇನಿಯಂ, ಹುಟ್ಟಿನಿಂದ ಬಂದ ಜಾಣ್ಮೆ ಅಂತ ಅರ್ಥ. ಅವರು ಸಾಲ ತಂದು ಮುನ್ನೂರು ಅರ್ಥ ಮಾಡಿಕೊಂಡರು. ನಾವು ಮಾತ್ರ ಬಡ್ಡಿ ಲೆಕ್ಕ ಹಾಕುತ್ತಾ ಕೂತಿದ್ದೇವೆ.

ವಿಜಯನಗರದಿಂದ

ಮೇಸ್ತ್ರಿ ಬಂದಾಗ ಜೊತೆಗೆ ಇಡೀ ವಾಕ್ಯ ಬರಲಿಲ್ಲ. ಇವತ್ತು ‘ಎಂಜಿನ್ ಅಂಡ್ ಗೇರ್‌ಬಾಕ್ಸ್ ರೆಸ್ಟೋರೇಷನ್’ ಅಂತ ‘ಅಂಡ್’ ಕೂಡ ಬಂದಿದೆ. ನನ್ನ ತಕರಾರು ಆ ‘ಅಂಡ್’ ಮೇಲೆ.

ಆಡುಗೋಡಿಯಿಂದ

ಈ ಮಾತು ಸರಿ. ಇದೊಂದನ್ನು ಒಪ್ಪುತ್ತೇನೆ.

ಜಯನಗರದಿಂದ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬೋರ್ಡು ಬರೆಸೋರು ಉತ್ತರಕ್ಕೆ ಕಾಯ್ತಾ ಇದ್ದಾರೆ. ಆಡುಗೋಡಿಯವರ ‘ಇಳಿಸಿ’ ಚೆನ್ನಾಗಿದೆ, ಆದರೆ ರೆಸ್ಟೋರ್ ಅನ್ನೋದರ ಅರ್ಥ ಅದರಲ್ಲಿ ಪೂರ್ತಿ ಬರೋದಿಲ್ಲ. ಮೊದಲಿದ್ದ ಅಳತೆಗೆ ತರೋದು ಮುಖ್ಯ ಅಲ್ವಾ? ‘ಮೊದಲಿನಂತೆ ಮಾಡಿಕೊಡುತ್ತೇವೆ’ ಅಂತ ಸೇರಿಸಿ. ‘ಪುನಃಸ್ಥಾಪನೆ’ ಅಂತ ಒಂದೇ ಪದದಲ್ಲಿ ಹೇಳಬಹುದು. ಆದರೆ ಅದನ್ನು ಓದಿ ಯಾರೂ ಜೀಪು ತರೋದಿಲ್ಲ.

ವಿಲ್ಸನ್ ಗಾರ್ಡನ್‌ನಿಂದ

ಎಲ್ಲರಿಗೂ ಥ್ಯಾಂಕ್ಸ್. ಜೋಡಿಸಿದ್ದು ಹೀಗೆ: ‘ಹಳೇ ಡೀಸೆಲ್ ಜೀಪುಗಳ ಎಂಜಿನ್, ಗೇರ್‌ಬಾಕ್ಸ್ ಇಳಿಸಿ ಮೊದಲಿನಂತೆ ಮಾಡಿಕೊಡುತ್ತೇವೆ’. ‘ಅಂಡ್’ ಹೋಯಿತು, ಅಲ್ಪವಿರಾಮ ಬಂತು. ಭಾವನಿಗೂ ಹಿಡಿಸಿದೆ. ‘ಇಳಿಸಿ’ ಅಂತ ಬೋರ್ಡಲ್ಲಿ ನೋಡಿ, ಇದನ್ನು ಬರೆಸಬಹುದು ಅಂತ ಗೊತ್ತೇ ಇರಲಿಲ್ಲ ಅಂದರು. ಪೇಂಟರ್ ಮಾತ್ರ ಉದ್ದ ಆಯಿತು ಅಂತ ಗೊಣಗುತ್ತಿದ್ದಾನೆ. ಒತ್ತಕ್ಷರ ಕಮ್ಮಿ ಇದೆ ಅಂತ ಸಮಾಧಾನ ಮಾಡಿದ್ದೇನೆ.

ಬಸವನಗುಡಿಯಿಂದ

‘ಹಳೇ’ ಅಲ್ಲ, ‘ಹಳೆಯ’. ಮಾತಿನಲ್ಲಿ ಸರಿ, ಬೋರ್ಡಿನಲ್ಲಿ ಬೇಡ.

ವಿಜಯನಗರದಿಂದ

‘ಇಳಿಸಿ’ಗೆ ನನ್ನ ಒಪ್ಪಿಗೆ ಇದೆ. ಆ ‘ಡೀಸೆಲ್’ ಯಾಕೆ? ಪೆಟ್ರೋಲ್ ಜೀಪು ಬಂದರೆ ವಾಪಸ್ ಕಳಿಸ್ತಾರಾ?

ವಿಲ್ಸನ್ ಗಾರ್ಡನ್‌ನಿಂದ

ಹೌದು, ಕಳಿಸ್ತಾರೆ. ‘ಹಳೇ’ ಹಾಗೇ ಇರಲಿ ಮೇಷ್ಟ್ರೇ, ಪೇಂಟರ್ ಏಣಿ ಮೇಲಿದ್ದಾನೆ.