ಟವೆಲ್ ಕೆಳಗಿನ ಡ್ರಾಫ್ಟು

"ಬ್ರೇಕಿಂಗ್ ನ್ಯೂಸು!" ಎಂದು ಗೌಡರು ಚುರುಮುರಿ ತಟ್ಟೆಯ ಪಕ್ಕಕ್ಕೆ ಫೋನ್ ಕುಕ್ಕಿದರು. "ನಮ್ಮ ಪ್ಯಾಂಥರ್ಸ್‌ನವರು ಈ ಸಲ ಮತ್ತೆ ಕ್ವಾರ್ಟರ್‌ಬ್ಯಾಕ್ ತಗೋತಾರಂತೆ. ಇಎಸ್‌ಪಿಎನ್ ಚಾನೆಲ್ಲಿನ ವರದಿಗಾರ ಶೆಫ್ಟರೇ ಹಾಕಿದಾನೆ. ನೀಲಿ ಟಿಕ್ಕೂ ಇದೆ, ನೋಡಿ."

ಭಟ್ರು ಕನ್ನಡಕ ಹಣೆಗೆ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಶೆಫ್ಟರ್ ಹೆಸರಿನ ಕೊನೆಗೆ ಎಷ್ಟು ಆರ್, ಮಾರಾಯ್ರೆ?"

"ಒಂದು."

"ಇಲ್ಲಿ ಎರಡುಂಟು."

ಗೌಡರು ಪರದೆಗೆ ಅಂಟಿದ್ದ ಈರುಳ್ಳಿ ಒರೆಸಿದರು. ಆರ್ ಎರಡೇ ಉಳಿಯಿತು.

ಏಪ್ರಿಲ್ ಬಂತೆಂದರೆ ಅಮೆರಿಕದ ಶಾರ್ಲೆಟ್‌ನಲ್ಲಿ ನಮ್ಮ ಹರಟೆಗೆ ಇದೇ ವಿಷಯ. ಪ್ಯಾಂಥರ್ಸ್ ಅಂದರೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ, ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡೆಸೆದು ಆಟ ನಡೆಸುವವನು. ತಿಂಗಳ ಕೊನೆಗೆ ಆ ಆಟದ ಲೀಗಿನ, ಅಂದರೆ ಎನ್‌ಎಫ್‌ಎಲ್‌ನ, ಡ್ರಾಫ್ಟು. 32 ತಂಡಗಳು ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಮೊದಲ ಸರದಿ. ಸೋತವನಿಗೇ ಹಬ್ಬದೂಟದಲ್ಲಿ ಮೊದಲ ಎಲೆ ಹಾಕುವ ಆಟ ಬೇರೆ ಎಲ್ಲಿದೆ ಹೇಳಿ. ಆಮೇಲೆ ಆ ಎಲೆಯನ್ನು ಮಾರಿಕೊಳ್ಳಲೂಬಹುದು. ಅದಕ್ಕೇ ಯಾರೂ ಮನಸ್ಸಿನಲ್ಲಿರುವುದನ್ನು ಹೇಳುವುದಿಲ್ಲ. ಬೇಕಾದ ಹುಡುಗನನ್ನು "ಅಷ್ಟಕ್ಕಷ್ಟೇ" ಎನ್ನುತ್ತಾರೆ, ಬೇಡದವನನ್ನು ಹಾಡಿ ಹೊಗಳುತ್ತಾರೆ. ಇದಕ್ಕೆ ಇಲ್ಲಿಯವರು ಇಟ್ಟ ಹೆಸರು ಸ್ಮೋಕ್‌ಸ್ಕ್ರೀನ್.

"ಇದರಲ್ಲಿ ಹೊಸದೇನಿದೆ?" ಎಂದರು ಮಂಡ್ಯ ಕಡೆಯ ಗೌಡರು. "ಘಾಟಿ ಜಾತ್ರೆಗೆ ಎತ್ತು ತರೋಕೆ ನಮ್ಮಪ್ಪನ ಜೊತೆ ಹೋಗಿದ್ದೆ. ದಲ್ಲಾಳಿ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಹೇಳ್ತಾನೆ. ಮೇಲೆ ಬಾಯಲ್ಲಿ ಮಳೆ-ಬೆಳೆ ಮಾತು. ಇನ್ನೊಬ್ಬ ಅಲ್ಲೇ ನಿಂತು ಸುಮ್ನೆ ಒಂದು ಮಾತು ಬಿಡ್ತಾನೆ, 'ಸುಳಿ ಸರಿಯಿಲ್ಲ ಕಣಯ್ಯ' ಅಂತ. ಅಷ್ಟೇ. ಬೆಲೆ ದಡಕ್ಕನೆ ಇಳಿಯುತ್ತೆ. ಸಂಜೆ ನೋಡಿದ್ರೆ ಆ ಎತ್ತು ಅವನ ಗಾಡೀಲೇ!"

ನನಗೆ 2023 ನೆನಪಾಯಿತು. ಶಾರ್ಲೆಟ್‌ನವರು ಯಾರೂ ಮರೆಯುವ ವರ್ಷವಲ್ಲ ಅದು. ಮೊದಲ ಸರದಿಗಾಗಿ ನಮ್ಮವರು ಶಿಕಾಗೋ ಬೇರ್ಸ್‌ಗೆ ಏನೇನು ಕೊಟ್ಟರು ಅಂತೀರಿ! ಆ ವರ್ಷದ ಎರಡು ಸರದಿ, ಮುಂದಿನ ವರ್ಷದ ಮೊದಲ ಸುತ್ತಿನದು, 2025ರ ಎರಡನೇ ಸುತ್ತಿನದು, ಮೇಲೆ ಡಿ.ಜೆ. ಮೂರ್ ಎಂಬ ಒಳ್ಳೆ ಆಟಗಾರ. ಮಗಳ ಮದುವೆಗೂ ಇಷ್ಟು ಕೊಡುವುದಿಲ್ಲ.

ಆಗ ಸಿ.ಜೆ. ಸ್ಟ್ರೌಡ್ ಎಂಬ ಹುಡುಗನ ಸುಳಿ ಸರಿಯಿಲ್ಲ ಅಂತಾಯಿತು. ತಲೆ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುವ ಎಸ್2 ಎಂಬ ಪರೀಕ್ಷೆಯಲ್ಲಿ ಅವನದು ಬರೀ 18 ಪರ್ಸೆಂಟೈಲ್ ಎಂದು ಯಾರೋ ಸೋರಿಕೆ ಮಾಡಿಬಿಟ್ಟರು. ಯಾರು, ಯಾಕೆ, ಟವೆಲ್‌ಗೇ ಗೊತ್ತು. ನಮ್ಮವರು ಬ್ರೈಸ್ ಯಂಗ್‌ನನ್ನು ತಗೊಂಡರು. ಎರಡನೇ ಸರದಿಯ ಹ್ಯೂಸ್ಟನ್, ಸ್ಟ್ರೌಡ್‌ನನ್ನು ಒಯ್ದಿತು. ಆ ಸೀಸನ್‌ನಲ್ಲಿ ಅವನಿಗೆ ವರ್ಷದ ಹೊಸ ಆಟಗಾರ ಪ್ರಶಸ್ತಿ. ನಮ್ಮವರು 17 ಪಂದ್ಯದಲ್ಲಿ ಗೆದ್ದದ್ದು 2. ಮುಂದಿನ ವರ್ಷದ ಮೊಟ್ಟಮೊದಲ ಸರದಿಯೂ ನಮ್ಮದೇ ಆಗಬೇಕಿತ್ತು. ಅದನ್ನು ಆಗಲೇ ಶಿಕಾಗೋಗೆ ಕೊಟ್ಟಾಗಿತ್ತು!

"ಹಳೇ ಗಾಯ ಕೆರೀಬೇಡಿ" ಎಂದರು ಗೌಡರು.

"ಕೆರೆದದ್ದು ಯಾರು?" ಎಂದು ಭಟ್ರು ಎದ್ದು ಕೂತರು. "ಅದೇ ವರ್ಷ ಡ್ರಾಫ್ಟಿಗೆ ಎರಡು ದಿನ ಇರುವಾಗ ರೆಡಿಟ್‌ನಲ್ಲಿ ಯಾವನೋ ಹೆಸರಿಲ್ಲದವ ಬರೆದ. ವಿಲ್ ಲೆವಿಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ತನ್ನ ಮನೆಯವರಿಗೆ, 'ನನ್ನನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ನವರು ಮೊದಲು ಆರಿಸ್ತಾರೆ' ಅಂತ ಹೇಳಿದ್ದಾನಂತೆ. ಒಂದೇ ಒಂದು 'ಅಂತೆ'. ಬೆಟ್ಟಿಂಗ್‌ನಲ್ಲಿ ಒಂದಕ್ಕೆ 40 ಇದ್ದದ್ದು 4ರ ಹತ್ತಿರಕ್ಕೆ ಬಂತು. ಈ ಗೌಡ್ರು ನನ್ನ ಹತ್ತಿರ ಬಾಜಿ ಕಟ್ಟಿದ್ದು ಅವತ್ತೇ."

ಪಾಪದ ಲೆವಿಸ್. ಡ್ರಾಫ್ಟಿನ ಮೊದಲ ರಾತ್ರಿ ಕಾನ್ಸಸ್ ಸಿಟಿಯಲ್ಲಿ ಕೋಟು ಹಾಕಿಕೊಂಡು ಕೂತೇ ಇದ್ದ. 31 ಹೆಸರು ಕೂಗಿದರು, ಅವನದಿಲ್ಲ. ಕ್ಯಾಮೆರಾ ಮಾತ್ರ ಐದೈದು ನಿಮಿಷಕ್ಕೆ ಅವನ ಮುಖವನ್ನೇ ತೋರಿಸುತ್ತಿತ್ತು. ಹೆಣ್ಣಿನ ಕಡೆಯವರು ಬಾರದೆ ಹಸೆಮಣೆ ಮೇಲೆ ಒಬ್ಬನೇ ಕೂತ ಮದುಮಗನ ಹಾಗೆ. ಮಾರನೇ ದಿನ 33ನೆಯವನಾಗಿ ಟೆನೆಸ್ಸಿಗೆ ಹೋದ. ಪೋಸ್ಟ್ ಬರೆದವನಿಗೆ ಏನೂ ಆಗಲಿಲ್ಲ. ಅಂಥವರಿಗೆ ಎಂದೂ ಏನೂ ಆಗುವುದಿಲ್ಲ ಬಿಡಿ.

"ಅಷ್ಟು ದೊಡ್ಡ ದೊಡ್ಡ ಪತ್ರಕರ್ತರೇ ಬೀಳ್ತಾರೆ, ನಾನ್ಯಾವ ಲೆಕ್ಕ?" ಎಂದು ಗೌಡರು ಬೇರೆ ಕಡೆ ಎಳೆದರು. "2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ಮೂರನೇ ಸರದಿಗೆ ಹಾರಿದಾಗ, ಎಲ್ಲರ ಬಾಯಲ್ಲೂ ಮ್ಯಾಕ್ ಜೋನ್ಸ್, ಮ್ಯಾಕ್ ಜೋನ್ಸ್. ತಗೊಂಡಿದ್ದು ಟ್ರೇ ಲ್ಯಾನ್ಸ್‌ನ!"

ಆ ಕಥೆಯ ಬಾಲ ಇನ್ನೂ ಚೆನ್ನ. ಲ್ಯಾನ್ಸ್ ಕೈಹಿಡಿಯಲಿಲ್ಲ. ಅವರನ್ನು ಸೂಪರ್ ಬೌಲ್ ಎಂಬ ಫೈನಲ್‌ವರೆಗೆ ಕರೆದೊಯ್ದವನು ಬ್ರಾಕ್ ಪರ್ಡಿ, 2022ರ ಡ್ರಾಫ್ಟಿನ ಕಟ್ಟಕಡೆಯ, ಅಂದರೆ 262ನೇ ಹುಡುಗ. ಅವನ ಬಗ್ಗೆ ಸುಳ್ಳು ಹಬ್ಬಿಸಲೂ ಯಾರಿಗೂ ಪುರುಸೊತ್ತಿರಲಿಲ್ಲ.

"2025ರಲ್ಲಂತೂ ಸುದ್ದಿ ಬಿಡಿ, ಫೋನೇ ಸುಳ್ಳು" ಎಂದೆ ನಾನು. ಶೆಡೂರ್ ಸ್ಯಾಂಡರ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ತನ್ನ ಸರದಿ ಬರುತ್ತಿಲ್ಲವಲ್ಲ ಎಂದು ಕಾಯುತ್ತಿದ್ದಾಗ ಕರೆ ಬಂತು. ಮಾತಾಡಿದವ, ನ್ಯೂ ಆರ್ಲಿಯನ್ಸ್ ತಂಡದ ಜನರಲ್ ಮ್ಯಾನೇಜರ್ ನಾನೇ ಎಂದ. ನೋಡಿದರೆ ಅಟ್ಲಾಂಟಾದ ಕೋಚ್ ಒಬ್ಬರ ಮಗನ ಕಿತಾಪತಿ. ಅಪ್ಪನ ಐಪ್ಯಾಡಿನಿಂದ ನಂಬರು ಎತ್ತಿದ್ದನಂತೆ. ಈ ಸಲದ 'ಅಂತೆ' ಮಾತ್ರ ನಿಜವಾಗಿತ್ತು. ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ, ಅಪ್ಪನಿಗೆ ಬೇರೆ ಒಂದು ಲಕ್ಷ.

"ಮಗನ ಪಾಕೆಟ್ ಮನಿ ಎಷ್ಟು ವರ್ಷ ಹಿಡೀಬೇಕು!" ಎಂದು ಭಟ್ರು ಲೆಕ್ಕಕ್ಕೆ ಕೂತರು.

ಅಷ್ಟರಲ್ಲಿ ಅಡುಗೆಮನೆಯಿಂದ ಭಟ್ರ ಹೆಂಡತಿ ಕಾಫಿ ತಂದರು. "ಅಲ್ಲ ಗೌಡ್ರೇ, ಆ ಲೆವಿಸ್ ಬಾಜಿಯಲ್ಲಿ ಸೋತವರು ಎಲ್ಲರಿಗೂ ಬಿಸಿಬೇಳೆ ಬಾತ್ ಮಾಡಿ ಹಾಕಬೇಕು ಅಂತಿತ್ತಲ್ವಾ? ಬರುವ ಭಾನುವಾರ, ಬರುವ ಭಾನುವಾರ ಅಂತ ಕೇಳ್ತಾನೇ ಇದ್ದೇನೆ. ಅದೂ ಸ್ಮೋಕ್‌ಸ್ಕ್ರೀನಾ?"

ಗೌಡರು ಕುರ್ಚಿಯ ಬೆನ್ನಿಗಿದ್ದ ಟವೆಲ್ ತೆಗೆದು ಕೈ ಮೇಲೆ ಹಾಸಿಕೊಂಡರು. "ಭಟ್ರೇ, ಬೆರಳು ಕೊಡಿ. ಬಾತ್ ಬದಲು ಮೊಸರನ್ನಕ್ಕೆ ಮುಗಿಸೋಣ."